ನಕ್ಷೆಯ ಹಳದಿ ನೀಲಿಯಾಗುವ ಮುನ್ನ: ಆಕ್ಷೇಪಣೆ ಬರೆಯುವುದು ಹೇಗೆ?

ಪತ್ರಿಕೆಯ ಒಳಪುಟದಲ್ಲಿ ‘ಹೆಸರು ಬದಲಾವಣೆ’ಗೂ ‘ಅಂಕಪಟ್ಟಿ ಕಳೆದುಹೋಗಿದೆ’ಗೂ ನಡುವೆ, ಇರುವೆ ಸಾಲಿನಂಥ ಅಕ್ಷರಗಳಲ್ಲಿ ಒಂದು ಪ್ರಕಟಣೆ ಬಂದಿರುತ್ತದೆ. ಇಂಥ ಗ್ರಾಮದ ಇಷ್ಟನೇ ಸರ್ವೆ ನಂಬರಿನ ಇಷ್ಟು ಗುಂಟೆ ಜಮೀನನ್ನು ವಸತಿಯಿಂದ ವಾಣಿಜ್ಯ ಉದ್ದೇಶಕ್ಕೆ ಬದಲಾಯಿಸಲು ಕೋರಿಕೆ ಬಂದಿದೆ, ಆಕ್ಷೇಪಣೆ ಇದ್ದವರು ಲಿಖಿತವಾಗಿ ಸಲ್ಲಿಸಬಹುದು ಎಂದು. ಬಡಾವಣೆಯವರಿಗೆ ವಿಷಯ ಗೊತ್ತಾಗುವುದು ಜೆಸಿಬಿ ಬಂದು ನಿಂತ ದಿನ. ಮೊದಲೇ ಗೊತ್ತಾದವರೂ ಬರೆಯುವ ಪತ್ರ ಹೇಗಿರುತ್ತದೆಂದರೆ, ಓದಿದ ಗುಮಾಸ್ತರು ಮಡಚಿ ಕಡತದ ಹಿಂಬದಿಗೆ ಸೇರಿಸುವುದಕ್ಕೆ ಎರಡು ನಿಮಿಷವೂ ಬೇಕಾಗುವುದಿಲ್ಲ. ನಮ್ಮ ಬಡಾವಣೆಯಿಂದ ಹೋದ ಮೊದಲ ಪತ್ರವೂ ಅಂಥದ್ದೇ. ಬರೆದವನು ನಾನೇ. ಆಮೇಲೆ ಅಕ್ಕಪಕ್ಕದ ಬಡಾವಣೆಯವರು ತಂದು ತೋರಿಸಿದ ಪತ್ರಗಳಲ್ಲೂ ಅದೇ ತಪ್ಪುಗಳನ್ನು ಕಂಡಿದ್ದೇನೆ.

ಹಂತ 1: ಪ್ರಕಟಣೆ ಕತ್ತರಿಸಿ ಇಟ್ಟುಕೊಳ್ಳಿ

ಪತ್ರಿಕೆಯ ಹೆಸರು, ದಿನಾಂಕ, ಪುಟ ಕಾಣುವಂತೆ. ಫೋನಿನಲ್ಲಿ ಫೋಟೊ ತೆಗೆದರೆ ಸಾಲದು, ಕಾಗದವೇ ಬೇಕು. ಆಕ್ಷೇಪಣೆಗೆ ಸಾಮಾನ್ಯವಾಗಿ 15 ದಿನ ಕೊಟ್ಟಿರುತ್ತಾರೆ. ಆ ದಿನಗಳನ್ನು ಎಣಿಸುವುದು ಪ್ರಕಟಣೆ ಬಂದ ದಿನದಿಂದ, ನೀವು ಓದಿದ ದಿನದಿಂದಲ್ಲ.

ಹಂತ 2: ಯಾರಿಗೆ ಬರೆಯಬೇಕು?

ತಹಶೀಲ್ದಾರರಿಗಲ್ಲ, ಶಾಸಕರಿಗಲ್ಲ. ಕೃಷಿ ಜಮೀನನ್ನು ಕೃಷಿಯೇತರ ಮಾಡುವ ‘ಡಿ.ಸಿ. ಕನ್ವರ್ಷನ್’ ಬೇರೆ. ಅದು 1964ರ ಭೂಕಂದಾಯ ಕಾಯ್ದೆಯ 95ನೇ ಸೆಕ್ಷನ್ನಿಗೆ ಬರುವ ವಿಷಯ. ಮಹಾಯೋಜನೆಯಲ್ಲಿ, ಅಂದರೆ ಎಲ್ಲರೂ ಮಾಸ್ಟರ್ ಪ್ಲಾನ್ ಎನ್ನುವ ನಕ್ಷೆಯಲ್ಲಿ, ಒಂದು ಜಾಗಕ್ಕೆ ಗೊತ್ತುಮಾಡಿದ ಉಪಯೋಗವನ್ನು ಬದಲಿಸುವುದು ಬೇರೆ. ಅದಕ್ಕೆ ಆಧಾರ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14-ಎ ಸೆಕ್ಷನ್. ನೀವು ಬರೆಯಬೇಕಾದ್ದು ಪ್ರಕಟಣೆ ಹೊರಡಿಸಿದ ಯೋಜನಾ ಪ್ರಾಧಿಕಾರದ ಆಯುಕ್ತರಿಗೆ ಅಥವಾ ಸದಸ್ಯ ಕಾರ್ಯದರ್ಶಿಗೆ. ಯಾರಿಗೆ ಎಂಬುದು ಪ್ರಕಟಣೆಯ ಕೆಳಗೇ ಇರುತ್ತದೆ. ಇಷ್ಟಾದರೂ ತಾಲ್ಲೂಕು ಕಚೇರಿಗೆ ಕೊಟ್ಟು ಬಂದು, ‘ಕೊಟ್ಟಿದ್ದೇವೆ ಬಿಡಿ’ ಎಂದು ನಿಶ್ಚಿಂತರಾದವರನ್ನು ಕಂಡಿದ್ದೇನೆ.

ಹಂತ 3: ನಕ್ಷೆ, ಪಹಣಿ, ಟೇಪು

ಪ್ರಾಧಿಕಾರದ ಕಚೇರಿಗೆ ಹೋಗಿ ಮಹಾಯೋಜನೆಯ ನಕ್ಷೆ ನೋಡಿ. ಅಲ್ಲಿ ಎರಡು ಬಗೆಯ ನಕ್ಷೆಗಳಿರುತ್ತವೆ. ಹಾಲಿ ಭೂ ಬಳಕೆ ಒಂದು, ಪ್ರಸ್ತಾವಿತ ಭೂ ಬಳಕೆ ಇನ್ನೊಂದು. ನಿಮಗೆ ಬೇಕಾದ್ದು ಎರಡನೆಯದು. ಮೊದಲನೆಯದು ಯೋಜನೆ ತಯಾರಿಸುವಾಗ ನೆಲದ ಮೇಲೆ ಏನಿತ್ತು ಎಂದು ಹೇಳುತ್ತದೆ ಅಷ್ಟೆ, ಅದನ್ನು ಹಿಡಿದು ವಾದ ಮಾಡಿದರೆ ಪ್ರಯೋಜನವಿಲ್ಲ. ವಾಡಿಕೆಯಲ್ಲಿ ಹಳದಿ ವಸತಿ, ನೀಲಿ ವಾಣಿಜ್ಯ, ನೇರಳೆ ಕೈಗಾರಿಕೆ, ಕೆಂಪು ಸಾರ್ವಜನಿಕ, ಹಸಿರು ಉದ್ಯಾನ. ಆದರೂ ನಕ್ಷೆಯ ಮೂಲೆಯ ಸೂಚಿಯನ್ನೇ ನಂಬಿ. ಕಪ್ಪು-ಬಿಳುಪು ಜೆರಾಕ್ಸ್ ಮಾತ್ರ ಬೇಡವೇ ಬೇಡ. ಬಣ್ಣವೇ ಕಾಣದ ನಕ್ಷೆಯಿಂದ ಏನು ಉಪಯೋಗ?

ಪಹಣಿಯನ್ನು ಕಂದಾಯ ಇಲಾಖೆಯ ‘ಭೂಮಿ’ ಜಾಲತಾಣದಿಂದ ತೆಗೆದುಕೊಳ್ಳಿ. ಸರ್ವೆ ನಂಬರಿನ ಜೊತೆ ಹಿಸ್ಸಾ ಸಂಖ್ಯೆಯನ್ನೂ, ಅಂದರೆ ಆ ನಂಬರಿನೊಳಗಿನ ಪಾಲಿನ ಸಂಖ್ಯೆಯನ್ನೂ, ನೋಡಿ. ನಾನು ಮುಗ್ಗರಿಸಿದ್ದು ಇಲ್ಲೇ. ಹಿಸ್ಸಾ 3ರ ಬದಲು 2 ಎಂದು ಬರೆದಿದ್ದೆ. ‘ನೀವು ಹೇಳುವ ಜಮೀನಿಗೂ ಈ ಪ್ರಸ್ತಾವನೆಗೂ ಸಂಬಂಧವಿಲ್ಲ’ ಎಂದು ಒಂದೇ ಸಾಲಿನ ಹಿಂಬರಹ ಬಂತು. ಅವರ ಮಾತು ಸರಿಯಾಗಿಯೇ ಇತ್ತು.

ವಿಸ್ತೀರ್ಣದಲ್ಲೂ ಒಂದು ಗುಂಡಿ ಇದೆ. ಪಹಣಿಯಲ್ಲಿ 2-05 ಎಂದಿದ್ದರೆ ಅದು 2 ಎಕರೆ 5 ಗುಂಟೆ. ಅದನ್ನು 2.05 ಎಕರೆ ಎಂದು ಬರೆದರೆ 2 ಎಕರೆ 2 ಗುಂಟೆಯಾಗಿಬಿಡುತ್ತದೆ. ಎಕರೆಗೆ 40 ಗುಂಟೆ, ಗುಂಟೆಗೆ 1,089 ಚದರಡಿ. ಇಂಜಿನಿಯರುಗಳೂ ಇಲ್ಲಿ ಎಡವುತ್ತಾರೆ.

ರಸ್ತೆಯ ಅಗಲವನ್ನು ನೀವೇ ಅಳೆಯಿರಿ. ಬಡಾವಣೆಯ ನಕ್ಷೆಯಲ್ಲಿ 40 ಅಡಿ ಇದ್ದದ್ದು ನೆಲದ ಮೇಲೆ ಚರಂಡಿ, ಟ್ರಾನ್ಸ್‌ಫಾರ್ಮರ್, ಮನೆ ಮುಂದಿನ ಮೆಟ್ಟಿಲು ಎಲ್ಲ ಕಳೆದು 28 ಉಳಿದಿರಬಹುದು. ಮೂರು ಕಡೆ ಅಳೆದು, ಟೇಪಿನ ಅಂಕಿ ಕಾಣುವಂತೆ ಫೋಟೊ ತೆಗೆಯಿರಿ. ಮೇಸ್ತ್ರಿಗಳ ಬಳಿ 30 ಮೀಟರಿನ ಫೈಬರ್ ಟೇಪು ಇರುತ್ತದೆ, ಒಂದು ಸಂಜೆಗೆ ಕೇಳಿದರೆ ಕೊಡುತ್ತಾರೆ. ಕ್ಯಾಮೆರಾ ಹಿಡಿದರೆ ಅಳತೆ ಹೇಳುವ ಫೋನಿನ ಆ್ಯಪ್‌ಗಳನ್ನು ಮುಟ್ಟಬೇಡಿ. ಒಂದೇ ಗೇಟಿಗೆ ಬೆಳಿಗ್ಗೆ ಒಂದು ಅಳತೆ, ಸಂಜೆ ಇನ್ನೊಂದು ಕೊಟ್ಟದ್ದನ್ನು ನೋಡಿದ್ದೇನೆ. ಸರ್ಕಾರದ ‘ದಿಶಾಂಕ್’ ಆ್ಯಪ್ ನಿಂತ ಜಾಗದ ಸರ್ವೆ ನಂಬರ್ ಹೇಳುವುದಕ್ಕೆ ಚೆನ್ನಾಗಿದೆ. ಗಡಿ ನಿರ್ಧರಿಸಲು ಅದನ್ನು ನಂಬಬೇಡಿ.

ಪಕ್ಕದಲ್ಲಿ ಹಳ್ಳವೋ ಕಾಲುವೆಯೋ ಇದ್ದರೆ ಹಳೆಯ ಗ್ರಾಮ ನಕ್ಷೆಯನ್ನೂ ತೆಗೆಸಿ. ಈಗ ಚರಂಡಿಯಂತೆ ಕಾಣುವುದು ಅದರಲ್ಲಿ ರಾಜಕಾಲುವೆ ಎಂದಿರಬಹುದು. ಅದರ ಪಕ್ಕ ಕಟ್ಟಡ ಕಟ್ಟದೆ ಬಿಡಬೇಕಾದ ಮೀಸಲು ಅಂಚು ಎಷ್ಟೆಂಬುದು ನಿಮ್ಮ ಊರಿನ ವಲಯ ನಿಯಮಾವಳಿಯಲ್ಲಿರುತ್ತದೆ. ಬೆಂಗಳೂರಿನ 2015ರ ಪರಿಷ್ಕೃತ ಮಹಾಯೋಜನೆಯಲ್ಲಿ ಕೆರೆಗೆ 30 ಮೀಟರ್, ಕಾಲುವೆಗಳಿಗೆ ದರ್ಜೆಗೆ ತಕ್ಕಂತೆ 50, 25, 15 ಮೀಟರ್ ಎಂದಿತ್ತು. ‘ಕೆರೆಯಿಂದ 75 ಮೀಟರ್’ ಎಂದು ಈಗಲೂ ಬರೆಯುವವರಿದ್ದಾರೆ. 2016ರಲ್ಲಿ ಹಸಿರು ನ್ಯಾಯಮಂಡಳಿ ಹೇಳಿದ್ದ ಆ ಅಳತೆಯನ್ನು ಸುಪ್ರೀಂ ಕೋರ್ಟ್ 2019ರ ಮಾರ್ಚ್‌ನಲ್ಲೇ ತೆಗೆದುಹಾಕಿದೆ. ಸತ್ತ ನಿಯಮವನ್ನು ಉದ್ಧರಿಸಿದರೆ ಉಳಿದ ಒಳ್ಳೆಯ ಅಂಶಗಳ ಮೇಲೂ ಅನುಮಾನ ಬರುತ್ತದೆ.

ಇನ್ನು ಮಾಹಿತಿ ಹಕ್ಕು. ‘ಮೊದಲು ಆರ್‌ಟಿಐ ಹಾಕೋಣ ಸಾರ್’ ಎನ್ನುವವರು ಪ್ರತಿ ಸಂಘದಲ್ಲೂ ಒಬ್ಬರಿರುತ್ತಾರೆ. ಉತ್ತರಕ್ಕೆ 30 ದಿನ ಕಾಲಾವಕಾಶ, ನಿಮ್ಮ ಗಡುವು 15 ದಿನ. ಲೆಕ್ಕ ನೀವೇ ಹಾಕಿ. ಕಡತ ನೋಡಲು ಅವಕಾಶ ಕೊಡಿ ಎಂದು ಒಂದು ಚೀಟಿ ಬರೆದು ನೇರವಾಗಿ ನಗರ ಯೋಜನಾ ಶಾಖೆಗೆ ಹೋಗಿ. ಕೊಡದಿದ್ದರೆ ‘ಕೇಳಿದೆವು, ತೋರಿಸಲಿಲ್ಲ’ ಎಂಬುದೇ ಆಕ್ಷೇಪಣೆಯ ಒಂದು ಅಂಶವಾಗುತ್ತದೆ.

ಹಂತ 4: ಪತ್ರ ಬರೆಯುವುದು

ಕೆಡುವುದು ಇಲ್ಲಿಯೇ. ಕಚೇರಿ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಹೆಸರು ತುಂಬಿಸುವ ರೆಡಿಮೇಡ್ ನಮೂನೆ ಸಿಗುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಇನ್ನೊಂದು ಓಡಾಡುತ್ತಿರುತ್ತದೆ. ಎರಡನ್ನೂ ಬಿಡಿ. ‘ಸದರಿ ಯೋಜನೆಯಿಂದ ಪರಿಸರಕ್ಕೆ ಹಾನಿಯಾಗುವುದರಿಂದ ಕೈಬಿಡಬೇಕೆಂದು ಕೋರುತ್ತೇವೆ’ ಎಂಬ ಸಾಲು ಯಾವ ಊರಿನ ಯಾವ ಜಮೀನಿಗಾದರೂ ಹೊಂದುತ್ತದೆ. ಹಾಗಾಗಿ ಯಾವುದಕ್ಕೂ ನಾಟುವುದಿಲ್ಲ.

ಪತ್ರ ಕನ್ನಡದಲ್ಲೇ ಇರಲಿ. ಇಂಗ್ಲಿಷಿನಲ್ಲಿ ಬರೆದರೆ ತೂಕ ಹೆಚ್ಚು ಎಂಬುದು ಭ್ರಮೆ. ಕಡತದ ಟಿಪ್ಪಣಿ ಬರೆಯುವವರು ಕನ್ನಡದಲ್ಲಿ ಬರೆಯುತ್ತಾರೆ, ನಿಮ್ಮ ವಾಕ್ಯ ಚೊಕ್ಕವಾಗಿದ್ದರೆ ಅದನ್ನೇ ಎತ್ತಿ ಹಾಕುತ್ತಾರೆ. ಎರಡು ಪುಟ ಸಾಕು. ಮೇಲೆ ವಿಷಯ, ಅದರ ಕೆಳಗೆ ಉಲ್ಲೇಖ: ಪ್ರಕಟಣೆಯ ಸಂಖ್ಯೆ, ಪತ್ರಿಕೆಯ ಹೆಸರು, ದಿನಾಂಕ. ಮೊದಲ ಪ್ಯಾರಾದಲ್ಲಿ ನೀವು ಯಾರು, ಆ ಜಮೀನಿನಿಂದ ಎಷ್ಟು ದೂರದಲ್ಲಿದ್ದೀರಿ, ಜಮೀನಿನ ಗ್ರಾಮ, ಹೋಬಳಿ, ಸರ್ವೆ ನಂಬರ್, ಹಿಸ್ಸಾ, ವಿಸ್ತೀರ್ಣ, ಚಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ).

‘ನಿಮಗೇನು ಸಂಬಂಧ?’ ಎಂದು ಯಾರಾದರೂ ಕೇಳಿದರೆ 1991ರ ತೀರ್ಪು ನೆನಪಿರಲಿ. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಉದ್ಯಾನಕ್ಕೆ ಬಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಾಗ ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. ಬೆಂಗಳೂರು ಮೆಡಿಕಲ್ ಟ್ರಸ್ಟ್ ವಿರುದ್ಧ ಬಿ.ಎಸ್. ಮುದ್ದಪ್ಪ ಎಂಬ ಆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಂಚಿಕೆ ರದ್ದಾದದ್ದನ್ನು ಎತ್ತಿಹಿಡಿಯಿತು, ಪ್ರಶ್ನಿಸುವ ಹಕ್ಕು ಬಡಾವಣೆಯ ನಿವಾಸಿಗಳಿಗೆ ಇದೆ ಎಂದೂ ಹೇಳಿತು.

ಇನ್ನು ಆಕ್ಷೇಪಣೆಯ ಹೂರಣ. 14-ಎ ಪ್ರಾಧಿಕಾರದ ಕೈ ಕಟ್ಟಿರುವುದೇ ಕೆಲವು ಷರತ್ತುಗಳಿಂದ. ನಕ್ಷೆಯಲ್ಲಿ ತಪ್ಪೋ ಲೋಪವೋ ಆಗಿರಬೇಕು, ಇಲ್ಲವೇ ಯೋಜನೆ ಜಾರಿಯಾಗುವಾಗಿನ ಪರಿಸ್ಥಿತಿ ಬದಲಾವಣೆಯನ್ನು ಅನಿವಾರ್ಯ ಮಾಡಿರಬೇಕು. ಬದಲಾವಣೆ ಸಾರ್ವಜನಿಕ ಹಿತಕ್ಕೆ ಇರಬೇಕು. ಬೇರೆ ಕಾನೂನಿಗೆ ವಿರುದ್ಧವಾಗಿರಬಾರದು. ಪತ್ರಿಕೆಯಲ್ಲಿ ಪ್ರಕಟಿಸಿ ಆಕ್ಷೇಪಣೆ ಕರೆಯಬೇಕು. ನಿಮ್ಮ ಪ್ರತಿ ಅಂಶವೂ ಇವುಗಳಲ್ಲಿ ಒಂದಕ್ಕೆ ಗಂಟುಬಿದ್ದಿರಬೇಕು. ನಾನು ಪ್ರತಿ ಅಂಶವನ್ನೂ ಮೂರು ಸಾಲಿನಲ್ಲಿ ಬರೆಯುತ್ತೇನೆ: ವಾಸ್ತವ, ದಾಖಲೆ, ಷರತ್ತು. ಒಂದು ಉದಾಹರಣೆ:

‘ಸದರಿ ಜಮೀನಿಗೆ ಇರುವ ಏಕೈಕ ದಾರಿಯ ಅಗಲ ಸ್ಥಳದಲ್ಲಿ 8.5 ಮೀಟರ್ ಇದೆ. ಮೂರು ಕಡೆ ಅಳೆದ ಫೋಟೊಗಳನ್ನು ಅನುಬಂಧ 2ರಲ್ಲಿ ಲಗತ್ತಿಸಿದೆ. ಈ ದಾರಿಗೆ ವಾಣಿಜ್ಯ ಸಂಚಾರವನ್ನು ತರುವುದು 14-ಎ ಸೆಕ್ಷನ್ ಹೇಳುವ ಸಾರ್ವಜನಿಕ ಹಿತಕ್ಕೆ ವಿರುದ್ಧ.’

ಇದೇ ವಿಷಯವನ್ನು ನಮ್ಮ ಮೊದಲ ಪತ್ರದಲ್ಲಿ ಹೀಗೆ ಬರೆದಿದ್ದೆ: ‘ಈಗಾಗಲೇ ಟ್ರಾಫಿಕ್‌ನಿಂದ ಬೇಸತ್ತಿರುವ ನಮ್ಮಂಥ ಹಿರಿಯ ನಾಗರಿಕರ ನೆಮ್ಮದಿ ಕಸಿಯುವ ಹುನ್ನಾರ ಇದಾಗಿದೆ.’ ಹುನ್ನಾರ ಎಂದ ಕೂಡಲೇ ಪತ್ರದ ಕಥೆ ಮುಗಿಯಿತು. ಬಿಲ್ಡರ್ ಯಾರ ಸಂಬಂಧಿ, ಅವರಿಗೆ ಯಾರ ಬೆಂಬಲ ಎಂಬುದನ್ನು ಕಾಫಿ ಕುಡಿಯುವಾಗ ಮಾತಾಡಿಕೊಳ್ಳಿ. ನಿಮ್ಮ ನಿವೇಶನದ ಬೆಲೆ ಇಳಿಯುತ್ತದೆ ಎಂದೂ ಬರೆಯಬೇಡಿ. ಅದು ನಿಮ್ಮ ಹಿತವಾಯಿತು, ಸಾರ್ವಜನಿಕರದ್ದಲ್ಲ. ರಸ್ತೆ, ಒಳಚರಂಡಿ ಕೊಳವೆಯ ಸಾಮರ್ಥ್ಯ, ಕುಡಿಯುವ ನೀರಿನ ಸರದಿ, ಪಕ್ಕದ ಶಾಲೆ, ಮಳೆನೀರು ಹರಿಯುವ ದಾರಿ ಇಂಥವೇ ನಿಲ್ಲುವುದು. ಐದು ಗಟ್ಟಿ ಅಂಶ ಸಾಕು. ಹದಿನೈದು ಬರೆದರೆ ಅವರು ಉತ್ತರಿಸುವುದು ಅತ್ಯಂತ ದುರ್ಬಲವಾದದ್ದಕ್ಕೆ ಮಾತ್ರ.

ಕೊನೆಯ ಪ್ಯಾರಾದಲ್ಲಿ ಎರಡೇ ಕೋರಿಕೆ: ಖುದ್ದು ವಿಚಾರಣೆಗೆ ಅವಕಾಶ ಕೊಡಿ, ಆಕ್ಷೇಪಣೆ ತಳ್ಳಿಹಾಕುವುದಾದರೆ ಕಾರಣ ಬರೆದು ತಿಳಿಸಿ.

ಸಹಿಯ ವಿಷಯ. ಒಂದೇ ಪತ್ರಕ್ಕೆ 200 ಸಹಿ ಹಾಕಿಸುವುದು ನಮ್ಮವರಿಗೆ ಹಬ್ಬ. ಆದರೆ ಕಡತದ ಲೆಕ್ಕದಲ್ಲಿ ಅದು ಒಂದೇ ಆಕ್ಷೇಪಣೆ. ಹತ್ತು ಮನೆಯವರು ತಮ್ಮ ಮನೆಯ ತೊಂದರೆಯನ್ನು ತಾವೇ ಬರೆದು ಹತ್ತು ಪತ್ರ ಕೊಟ್ಟರೆ ಹತ್ತು. ಒಂದೇ ಪತ್ರವನ್ನು ಹತ್ತು ಸಲ ಜೆರಾಕ್ಸ್ ಮಾಡಿ ಹೆಸರು ಬದಲಿಸುವ ಒಳದಾರಿ ಹಿಡಿಯಬೇಡಿ, ಅದು ಯಾರ ಕಣ್ಣಿಗೂ ಬೀಳದೆ ಇರುವುದಿಲ್ಲ.

ಹಂತ 5: ಸಲ್ಲಿಸುವುದು

ಎರಡು ಪ್ರತಿ ಒಯ್ಯಿರಿ, ಟಪಾಲು ವಿಭಾಗದಲ್ಲಿ ಒಂದನ್ನು ಕೊಟ್ಟು ಇನ್ನೊಂದಕ್ಕೆ ಮೊಹರು, ದಿನಾಂಕ, ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಿ. ‘ಸಾಹೇಬರು ಮೀಟಿಂಗಲ್ಲಿದ್ದಾರೆ, ನಾಳೆ ಬನ್ನಿ’ ಎಂದರೆ, ಟಪಾಲಿಗೆ ಸಾಹೇಬರ ಅಗತ್ಯವಿಲ್ಲ ಎಂದು ನಗುತ್ತಲೇ ಹೇಳಿ. ‘ಕೊಡಿ ಸಾರ್, ನಾನೇ ಒಳಗೆ ತಲುಪಿಸ್ತೀನಿ’ ಎನ್ನುವ ಹೊರಗಿನ ಏಜೆಂಟರ ಕೈಗೆ ಕಾಗದ ಕೊಡಬೇಡಿ. ಅದೇ ದಿನ ಸ್ಪೀಡ್ ಪೋಸ್ಟಿನಲ್ಲೂ ಒಂದು ಪ್ರತಿ ಕಳಿಸಿ. ಇ-ಮೇಲ್ ಬೇಕಾದರೆ ಮಾಡಿ, ಅದನ್ನೇ ನೆಚ್ಚಿಕೊಳ್ಳಬೇಡಿ. ಗಡುವಿನ ಕೊನೆಯ ದಿನಕ್ಕೆ ಕಾಯಬಾರದು, ಅಂದೇ ಸರ್ವರ್ ಡೌನ್, ಅಂದೇ ಜಯಂತಿ ರಜೆ.

ಹಂತ 6: ಆಮೇಲೆ

14-ಎ ಅಡಿಯ ಬದಲಾವಣೆಗೆ ರಾಜ್ಯ ಸರ್ಕಾರದ ಪೂರ್ವಾನುಮೋದನೆ ಬೇಕು. ಅಂದರೆ ಪ್ರಾಧಿಕಾರದ ಸಭೆಯಲ್ಲಿ ಒಪ್ಪಿಗೆ ಸಿಕ್ಕಿತು ಎಂದು ಕೈಚೆಲ್ಲಬೇಕಿಲ್ಲ. ಆಕ್ಷೇಪಣೆಯ ಪ್ರತಿಯನ್ನು ನಗರಾಭಿವೃದ್ಧಿ ಇಲಾಖೆಗೂ ಕಳಿಸಿ. ಆರ್‌ಟಿಐ ಹಾಕಲು ಈಗ ಹೊತ್ತು. 10 ರೂಪಾಯಿ ಶುಲ್ಕ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ಕೇಳಬೇಕಾದ್ದು ಸಭಾ ನಡಾವಳಿ ಮತ್ತು ನಿಮ್ಮ ಆಕ್ಷೇಪಣೆಯ ಮೇಲೆ ಬರೆದ ಟಿಪ್ಪಣಿ ಹಾಳೆಯ ದೃಢೀಕೃತ ಪ್ರತಿ. ‘ಯಾಕೆ’ ಎಂದು ಕೇಳಿದರೆ ಉತ್ತರ ಬರುವುದಿಲ್ಲ, ದಾಖಲೆ ಕೇಳಿ.

ವಿಚಾರಣೆಗೆ ಕರೆದರೆ ಇಬ್ಬರು ಹೋಗಿ, ಇಪ್ಪತ್ತು ಜನ ಬೇಡ. ಒಬ್ಬರು ಮಾತಾಡಲಿ, ಇನ್ನೊಬ್ಬರು ಬರೆದುಕೊಳ್ಳಲಿ. ಟೇಪು ಹಿಡಿದ ಫೋಟೊವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಮೇಜಿನ ಮೇಲಿಡಿ. ಹಾಜರಾತಿಗೆ ಸಹಿ ಕೇಳುವಾಗ ಅದೇ ಹಾಳೆಯಲ್ಲಿ ‘ಆಕ್ಷೇಪಣೆ ಇಲ್ಲ’ ಎಂದೇನಾದರೂ ಅಚ್ಚಾಗಿದೆಯೇ ಎಂದು ಓದಿಯೇ ಸಹಿ ಹಾಕಿ. ವಿಚಾರಣೆ ಮುಂದಕ್ಕೆ ಹೋದರೆ ಹೊಸ ದಿನಾಂಕವನ್ನು ಬಾಯಿಮಾತಿನಲ್ಲಿ ಕೇಳಿಕೊಂಡು ಬರಬೇಡಿ, ನಿಮ್ಮ ಪ್ರತಿಯ ಮೇಲೆ ಬರೆಸಿಕೊಂಡು ಬನ್ನಿ.