ಲಾ ಫರ್ಮ್ ಅಸೆಸ್‌ಮೆಂಟ್‌ಗೆ ಹೊರಟಿರುವ ನಮ್ಮ ಕೊಡಗಿನ ಮಕ್ಕಳಿಗೆ

ಬೆಂಗಳೂರಿನ ಲಾ ಫರ್ಮ್ (ವಕೀಲರ ಸಂಸ್ಥೆ) ಕೆಲಸದ ಆಯ್ಕೆ ಪರೀಕ್ಷೆಗೆ ಕರೆದಿದ್ದರೆ ಹಿಂದಿನ ದಿನವೇ ಹೊರಡಿ. ನಮಗೆ ರೈಲಿಲ್ಲ, ರಾತ್ರಿ ಬಸ್ಸಿನಲ್ಲಿ ನಿದ್ದೆಯೂ ಅಷ್ಟಕ್ಕಷ್ಟೆ.

ಸಾಮಾನ್ಯವಾಗಿ ಗುಂಪು ಚರ್ಚೆ, ಬರವಣಿಗೆ, ಸಂದರ್ಶನ ಇರುತ್ತವೆ. ಕಷ್ಟ ಆಗುವುದು ಬರವಣಿಗೆಯೇ. ಒಂದು ಒಪ್ಪಂದ ಕೊಟ್ಟು, ಕಕ್ಷಿದಾರರಿಗೆ ಅರ್ಥವಾಗುವಂತೆ ಬರೆಯಿರಿ ಅನ್ನಬಹುದು. 1872ರ ಕರಾರು ಕಾಯ್ದೆಯ ಸೆಕ್ಷನ್‌ಗಳನ್ನು ಸುಮ್ನೆ ಉದುರಿಸಬೇಡಿ. ಯಾರು ಯಾವಾಗ ದುಡ್ಡು ಕೊಡಬೇಕು, ತಪ್ಪಿದರೆ ಏನು, ಒಪ್ಪಂದದಿಂದ ಹೊರಬರುವುದು ಹೇಗೆ, ಜಗಳ ಬಂದರೆ ಯಾವ ಊರಿನ ಕೋರ್ಟು? ಇದನ್ನು ಮೊದಲು ಬರೆಯಿರಿ. ಮನೆಯಲ್ಲಿರುವ ಬಾಡಿಗೆ ಕರಾರು ಹಿಡಿದೇ ಅಭ್ಯಾಸ ಮಾಡಬಹುದು.

ಗುಂಪಿನಲ್ಲಿ ಜೋರು ಬಾಯಿ ಬೇಡ.

ಸಂದರ್ಶನದಲ್ಲಿ ಊರಿನ ಮಾತು ಬಂದರೆ ಜಮ್ಮಾ ಬಾಣೆ (ಕೊಡಗಿನ ವಂಶಪಾರಂಪರ್ಯ ಜಮೀನು) ಬಗ್ಗೆ ಎರಡು ನಿಮಿಷ ಹೇಳಲು ರೆಡಿ ಇರಿ. ಆರ್‌ಟಿಸಿಯಲ್ಲಿ (ಪಹಣಿಯಲ್ಲಿ) ಪಟ್ಟೆದಾರರ, ಅಂದರೆ ಕುಟುಂಬದ ಯಜಮಾನರ ಹೆಸರು ಯಾಕೆ ಬರುತ್ತದೆ ಅನ್ನುವುದೂ ಗೊತ್ತಿರಲಿ. ಅದನ್ನು ನಮಗಿಂತ ಚೆನ್ನಾಗಿ ಯಾರು ಹೇಳುತ್ತಾರೆ, ಅಲ್ವಾ?