ವೀ ಹೆವಿ ರುಚಿ ನೋಡಿ ಅಂಕ ಕೊಡುವುದು ಹೇಗೆ

ವೀ ಹೆವಿ ಸ್ಕಾಟ್ಲೆಂಡಿನ ಭಾರೀ ಏಲ್, ಅಂದರೆ ಒಂದು ಬಗೆಯ ಬಿಯರ್. ಆಲ್ಕೋಹಾಲ್ ಶೇ 6.5ರಿಂದ 10. ‘ವೀ’ ಎಂದರೆ ಸ್ಕಾಟರ ಮಾತಿನಲ್ಲಿ ಪುಟ್ಟದು. ಪುಟ್ಟ ಬಾಟಲಿಯಲ್ಲಿ ಮಾರುತ್ತಿದ್ದುದರಿಂದ ಆ ಹೆಸರು. ಟ್ರಾಕ್ವೇರ್ ಹೌಸ್ ಏಲ್ (ಶೇ 7.2), ಆರ್ಕ್ನಿ ದ್ವೀಪಗಳ ಸ್ಕಲ್ ಸ್ಪ್ಲಿಟರ್ (ಶೇ 8.5) ಹೆಸರಾದ ಮಾದರಿಗಳು. ಹೊಸಬರು ಎಡವುವುದು ಒಂದೇ ಕಡೆ: ಬರೀ ಸಿಹಿಯನ್ನೇ ಮಾಲ್ಟಿನ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ) ರುಚಿ ಅಂದುಕೊಳ್ಳುತ್ತಾರೆ.

ಫ್ರಿಜ್ಜಿನಿಂದ ತೆಗೆದ ಬಾಟಲಿಯನ್ನು ಅರ್ಧ ಗಂಟೆ ಹೊರಗಿಡಿ. 10ರಿಂದ 13 ಡಿಗ್ರಿ ಸೆಲ್ಸಿಯಸ್ ಸರಿಯಾದ ಹದ. ತೀರಾ ತಣ್ಣಗಿದ್ದರೆ ಮಾಲ್ಟ್ ಬಾಯಿ ಬಿಡುವುದಿಲ್ಲ, ದೋಷವೂ ಅಡಗಿ ಕೂರುತ್ತದೆ. ಬಾಯಿ ಕಿರಿದಾದ ಟ್ಯುಲಿಪ್ ಗ್ಲಾಸಿಗೆ 100 ಮಿಲಿ ಸಾಕು.

ಬಿಯರ್ ತೀರ್ಪುಗಾರರ ಸಂಸ್ಥೆಯಾದ ಬಿಜೆಸಿಪಿಯ ಪಟ್ಟಿಯಲ್ಲಿ ಒಟ್ಟು 50 ಅಂಕ: ಪರಿಮಳಕ್ಕೆ 12, ನೋಟಕ್ಕೆ 3, ರುಚಿಗೆ 20, ಬಾಯಲ್ಲಿನ ಅನುಭವಕ್ಕೆ 5, ಒಟ್ಟಂದಕ್ಕೆ 10.

ಸುರಿದ ಕೂಡಲೇ ಮೂಸಿ. ಬಣ್ಣ ಎಲ್ಲಿಗೂ ಓಡಿಹೋಗುವುದಿಲ್ಲ. ಆಲೆಮನೆಯ ಕೊಪ್ಪರಿಗೆಯಲ್ಲಿ ಬೆಲ್ಲ ಹದಕ್ಕೆ ಬರುವಾಗಿನ ಘಮ, ಹುರಿದ ರಾಗಿ ಮಾಲ್ಟಿನಂಥ ವಾಸನೆ, ಹಿಂದೆಯೇ ಒಣದ್ರಾಕ್ಷಿ ಸಿಗಬೇಕು. ಮಾಲ್ಟನ್ನು ಬಿಸಿನೀರಲ್ಲಿ ನೆನೆಸಿ ಬಸಿದಾಗ ಮೊದಲು ಇಳಿದ ಗಟ್ಟಿ ಸಿಹಿ ರಸವಾದ ವರ್ಟ್‌ನ ಒಂದು ಪಾಲನ್ನು ಬೇರೆಯಾಗಿ ಬತ್ತಿಸಿ ಸೇರಿಸಿದರೆ ಈ ಘಮ ದಟ್ಟವಾಗುತ್ತದೆ. ಅದು ತಳ ಹಿಡಿದಿದ್ದರೆ ಸೀದ ವಾಸನೆ ಬಂದೇ ಬರುತ್ತದೆ. ಪೀಟ್ (ಉರುವಲಾಗುವ ಜೌಗು ಮಣ್ಣು) ಹೊಗೆಯ ವಾಸನೆ ಎದ್ದು ಬಂದರೆ ಅಂಕ ಕಳೆಯಿರಿ. ಅದು ವಿಸ್ಕಿಯ ಸೊತ್ತು, ಈ ಏಲಿನದಲ್ಲ.

ಬಣ್ಣ ತಾಮ್ರದಿಂದ ಕಡು ಕಂದು, ಬೆಳಕಿಗೆ ಹಿಡಿದರೆ ಮಾಣಿಕ್ಯದ ಕೆಂಪು. ನೊರೆ ಬೇಗ ಇಳಿದರೆ ತಪ್ಪೇನಿಲ್ಲ.

ಒಂದು ಗುಟುಕನ್ನು ನಾಲಿಗೆಯ ಮೇಲೆಲ್ಲ ಹರಿಸಿ ನುಂಗಿ, ಆಮೇಲೆ ಹತ್ತು ಎಣಿಸಿ. ನಿಜವಾದ ತೀರ್ಪು ಇಲ್ಲಿದೆ. ಮೊದಲ ಸಿಹಿ ಕರಗಿ, ಕೊನೆಗೆ ಸುಟ್ಟ ರೊಟ್ಟಿಯ ಅಂಚಿನಂಥ ಒಣಗು ಉಳಿದರೆ ಒಳ್ಳೆಯ ಏಲ್. ತುಟಿ ಅಂಟಂಟಾಗಿ, ಎರಡನೇ ಗುಟುಕೇ ಬೇಡ ಅನಿಸಿದರೆ ಯೀಸ್ಟ್ ಕೆಲಸ ಅರ್ಧಕ್ಕೇ ನಿಲ್ಲಿಸಿದೆ. ಅಂತಿಮ ಗ್ರಾವಿಟಿ (ಹುದುಗು ಮುಗಿದ ಮೇಲೆ ನೀರಿಗೆ ಹೋಲಿಸಿದ ಸಾಂದ್ರತೆ) 1.018ರಿಂದ 1.040ರವರೆಗೂ ಇರಬಹುದಾದ್ದರಿಂದ ಅಂಕಿ ನೋಡಿ ತೀರ್ಮಾನಿಸಬೇಡಿ, ನಾಲಿಗೆಯನ್ನು ಕೇಳಿ. ಹಾಪ್ ಹೂವಿನ ಕಹಿ (ಕಹಿಯ ಅಳತೆಯಾದ ಐಬಿಯು ಲೆಕ್ಕದಲ್ಲಿ 17ರಿಂದ 35) ಸಿಹಿಯನ್ನು ಹಿಡಿದು ನಿಲ್ಲಿಸುವಷ್ಟಿದ್ದರೆ ಸಾಕು.

ಗಂಟಲಲ್ಲಿ ಬೆಚ್ಚಗಾಗಬೇಕು, ಉರಿಯಬಾರದು. ಉರಿದರೆ ಹುದುಗುವಾಗ ಬಿಸಿ ಹೆಚ್ಚಾಗಿದೆ. ಸ್ಕಾಟಿಷ್ ಯೀಸ್ಟಿಗೆ 14ರಿಂದ 17 ಡಿಗ್ರಿ ಹಿತ. ನೆನೆದ ರಟ್ಟಿನ ರುಚಿ ಬಂದರೆ ಗಾಳಿ ತಾಗಿದೆ. ಆದರೆ ಹಳೆಯ ಬಾಟಲಿಯಲ್ಲಿ ಶೆರಿಯಂಥ ಛಾಯೆ ತುಸು ಇದ್ದರೆ ನಾವು ಅಂಕ ಕಳೆಯುವುದಿಲ್ಲ. ಎಳೆ ಬಾಳೆಕಾಯಿಯ ಒಗರು ಸಿಕ್ಕರೆ ಧಾನ್ಯದ ಸಿಪ್ಪೆಯಿಂದ ಟ್ಯಾನಿನ್ ಇಳಿದಿದೆ, ಅಥವಾ ಹುರಿದ ಬಾರ್ಲಿ ಅತಿಯಾಗಿದೆ.

ಬೆಣ್ಣೆಯ ವಾಸನೆ ಎಲ್ಲಕ್ಕಿಂತ ಮೋಸಗಾರ, ಕ್ಯಾರಮೆಲ್ ಜೊತೆ ಸೇರಿ ಬಟರ್‌ಸ್ಕಾಚ್ ಮಿಠಾಯಿಯಂತೆ ನಟಿಸುತ್ತದೆ. ಅನುಮಾನ ಬಂದರೆ ಗ್ಲಾಸನ್ನು ಎರಡೂ ಅಂಗೈಯಲ್ಲಿ ಐದು ನಿಮಿಷ ಹಿಡಿದು ಮತ್ತೆ ಮೂಸಿ. ಬೆಣ್ಣೆ ಹೆಚ್ಚಿ, ನಾಲಿಗೆ ಜಾರಿದಂತಾದರೆ ಅದು ಡಯಾಸಿಟೈಲ್, ಹುದುಗುವಾಗ ಹುಟ್ಟುವ ಬೆಣ್ಣೆವಾಸನೆಯ ರಾಸಾಯನಿಕ. ಹುದುಗು ಮುಗಿಯುತ್ತಲೇ ಯೀಸ್ಟಿನ ಮೇಲೆ ಎರಡು ಮೂರು ದಿನ ಬಿಡದೆ ಅವಸರದಲ್ಲಿ ತಣ್ಣಗೆ ಮಾಡಿದ್ದಾರೆ. ಇದಕ್ಕಾಗಿಯೇ ಗ್ಲಾಸಿನ ತಳದಲ್ಲಿ ಒಂದೆರಡು ಗುಟುಕು ಉಳಿಸಿಕೊಂಡು, ಅದು 18 ಡಿಗ್ರಿಗೆ ಬಂದ ಮೇಲೆ ಇನ್ನೊಮ್ಮೆ ರುಚಿ ನೋಡಿ ಕೊನೆಯ 10 ಅಂಕ ಬರೆಯಿರಿ.