ಬಾಗಿಲ ಪಕ್ಕ ಕೂತವನು

ವಾಯುಪಡೆಯ ಕ್ಯಾನ್‌ಬೆರಾ ಬಾಂಬರಿನಲ್ಲಿ ನಾವು ಇಬ್ಬರೇ. ಪೈಲಟ್ ನಾನು ಮೇಲೆ, ಎಡಕ್ಕೆ ಸರಿದ ಗಾಜಿನ ಗೂಡಿನಲ್ಲಿ. ದಾರಿ ಹೇಳುವ ನ್ಯಾವಿಗೇಟರ್ ಕೆಳಗೆ, ವಿಮಾನದ ಮೂತಿಯಲ್ಲಿ. ನನ್ನದು ಎಜೆಕ್ಷನ್ ಸೀಟು. ಹಿಡಿ ಎಳೆದರೆ ಸೀಟು ಸಮೇತ ಹೊರಗೆ. ಅವನಿಗೆ ಅದಿರಲಿಲ್ಲ. ಎದ್ದು, ಪ್ಯಾರಾಚೂಟ್ ಸಿಕ್ಕಿಸಿಕೊಂಡು, ಪಕ್ಕದ ಬಾಗಿಲಿಂದ ಜಿಗಿಯಬೇಕು. ವಿಮಾನ ತಗ್ಗಿನಲ್ಲಿದ್ದರೆ ಅದಕ್ಕೆಲ್ಲ ಪುರುಸೊತ್ತೆಲ್ಲಿ?

ಧಾರವಾಡದ ಹುಡುಗ ನಾನು. ಖಡಕವಾಸ್ಲಾದ ಸೇನಾ ಅಕಾಡೆಮಿ ಎನ್‌ಡಿಎ ಮುಗಿಸಿ ಎಚ್‌ಟಿ-2, ಹಾರ್ವರ್ಡ್, ವ್ಯಾಂಪೈರ್ ಎಂಬ ತರಬೇತಿ ವಿಮಾನಗಳನ್ನು ಹಾರಿಸಿದೆ. ಅದೆಲ್ಲ ಆಗ ಎಲ್ಲರೂ ಕಲಿಯುತ್ತಿದ್ದದ್ದೇ. ನಿಜವಾದ ಪಾಠ ಆಗ್ರಾದಲ್ಲಿ ಆಯಿತು. ಅಲ್ಲಿ ಬೋಧಕರೂ ಜೊತೆಗೆ ಕೂರುವ ತರಬೇತಿ ಕ್ಯಾನ್‌ಬೆರಾದ ಎರಡು ಎಂಜಿನ್ನಿನಲ್ಲಿ ಒಂದನ್ನು ಬೇಕಂತಲೇ ತಗ್ಗಿಸಿ ಹಾರಿಸುವುದನ್ನು ಕಲಿಸುತ್ತಿದ್ದರು. ಎಂಜಿನ್ನುಗಳು ರೆಕ್ಕೆಯಲ್ಲಿ ದೂರದೂರ. ಒಂದು ಸತ್ತರೆ ಇನ್ನೊಂದು ಮೂತಿಯನ್ನು ಪಕ್ಕಕ್ಕೆ ತಳ್ಳುತ್ತದೆ. ವೇಗ ಕಡಿಮೆ ಇದ್ದಾಗ ಗಾಬರಿಯಲ್ಲಿ ಥ್ರಾಟಲ್ ಪೂರ್ತಿ ಕೊಟ್ಟರೆ ವಿಮಾನ ಮಗುಚಿಕೊಳ್ಳುತ್ತದೆ. ಮೂತಿಯನ್ನು ನೇರಕ್ಕೆ ತರುವ ರಡ್ಡರ್ ಪೆಡಲನ್ನು ಪೂರ್ತಿ ಒತ್ತಿ ಹಿಡಿದು ಹಿಡಿದು ನನ್ನ ಕಾಲು ನಡುಗುತ್ತಿತ್ತು. ಒಮ್ಮೆ ಇಳಿಯುವಾಗ ಆತುರಪಟ್ಟೆ. ರೆಕ್ಕೆ ಜಗ್ಗಿತು. ಬೋಧಕರು ತಕ್ಷಣ ಕೈ ಹಾಕಿ ಸರಿ ಮಾಡಿದರು. ಕೆಳಗಿಳಿದ ಮೇಲೆ ಕೇಳಿದ್ದು ಒಂದೇ ಮಾತು: 'ನಿನ್ನ ನ್ಯಾವಿಗೇಟರ್ ಹೊರಗೆ ಹೋದನಾ?' ಬೈದಿದ್ದರೆ ಮರೆತಿರುತ್ತಿದ್ದೆನೋ ಏನೋ.

1971ರಲ್ಲಿ ನಾವು ಪುಣೆಯ ಲೋಹೆಗಾಂವ್‌ನಲ್ಲಿದ್ದೆವು. ನನ್ನ ನ್ಯಾವಿಗೇಟರ್ ಕಾರವಾರದವನು. ಡಿಸೆಂಬರ್ 3ರ ಸಂಜೆ ಪಾಕಿಸ್ತಾನ ನಮ್ಮ ವಿಮಾನ ನೆಲೆಗಳ ಮೇಲೆ ಬಾಂಬ್ ಹಾಕಿತು. ಆಮೇಲೆ ನಮಗೂ ಸರದಿ ಬಂತು. ಗುರಿ ಕರಾಚಿ ಕಡೆಗೆ.

ರಾಡಾರಿಗೆ ಸಿಗಬಾರದೆಂದು ಸಮುದ್ರಕ್ಕೆ ತಾಗಿಕೊಂಡಂತೆ ಹೋಗಬೇಕು. ಚಂದ್ರ ಇನ್ನೂ ಹುಟ್ಟಿರಲಿಲ್ಲ. ನೀರೂ ಆಕಾಶವೂ ಒಂದೇ ಕಪ್ಪು. ಮುಂದೆ ನಾಲ್ಕೈದು ಚುಕ್ಕಿ ಕಂಡವು. ಅವು ಆಕಾಶದಲ್ಲಿವೆ ಎಂದುಕೊಂಡೆ. ಹಾಗಾದರೆ ನನ್ನ ವಿಮಾನ ವಾಲಿದೆ! ಸರಿ ಮಾಡಲು ಕೈ ಹೋಗಿಯೇಬಿಟ್ಟಿತ್ತು. ಇಂಟರ್‌ಕಾಮ್‌ನಲ್ಲಿ ನಮ್ಮದು ಯಾವಾಗಲೂ ಇಂಗ್ಲಿಷ್. ಅವತ್ತು ಮಾತ್ರ ಕನ್ನಡ ಬಂತು: 'ಅದು ದೋಣಿ ದೀಪ ಮಾರಾಯಾ, ಮೀಟರ್ ನೋಡು!' ನೋಡಿದೆ. ವಿಮಾನ ನೆಟ್ಟಗೇ ಇತ್ತು. ಮೀನು ದೋಣಿ ನೋಡುತ್ತಲೇ ಬೆಳೆದವನ ಕಣ್ಣು ಅದು. ಧಾರವಾಡದವನಿಗೆ ಎಲ್ಲಿಂದ ಬರಬೇಕು?

ನೌಕಾಪಡೆಯ ಮಿಸೈಲ್ ದೋಣಿಗಳು 4 ಮತ್ತು 8ರ ರಾತ್ರಿ ಅಲ್ಲಿಗೆ ಹೊಡೆದಿದ್ದವು. ಬಂದರಿನ ಎಣ್ಣೆ ಟ್ಯಾಂಕಿನ ಬೆಂಕಿ ದೂರದಿಂದಲೇ ಕಂಡಿತು. ಗುರಿ ಹತ್ತಿರವಾದಂತೆ ಮೇಲೇರಿದೆ. ಬಾಂಬಿನ ಗುರಿ ಹಿಡಿಯಲು ಅವನು ಮೂತಿಯಲ್ಲಿ ಬೋರಲು ಮಲಗಿದ. 'ಲೆಫ್ಟ್, ಲೆಫ್ಟ್... ಸ್ಟೆಡಿ.' ಆ ಹೊತ್ತಿನಲ್ಲಿ ಅತ್ತಿತ್ತ ಅಲುಗುವ ಹಾಗಿಲ್ಲ. ಕೆಳಗಿನಿಂದ ಗುಂಡು ಕೆಂಪಗೆ ಏಳುತ್ತಿವೆ. ಹೆದರಿಕೆ ಇತ್ತು, ಸುಳ್ಳು ಹೇಳುವುದಿಲ್ಲ. ಬಾಂಬು ಬಿಟ್ಟ ಕೂಡಲೇ ಹಗುರಾದ ವಿಮಾನ ಮೇಲಕ್ಕೆ ಚಿಮ್ಮಿತು. ಅವನಿನ್ನೂ ಬೋರಲೇ ಇದ್ದ. ನನ್ನ ಸೀಟಿನ ಹಿಡಿ ನನ್ನ ಕೈಗೆ ಸಿಗುವಷ್ಟು ಹತ್ತಿರವಿತ್ತು. ಅತ್ತ ನೋಡಲೇ ಇಲ್ಲ.

ಲೋಹೆಗಾಂವ್‌ನಲ್ಲಿ ಇಳಿದು ಎಂಜಿನ್ ನಿಲ್ಲಿಸಿದೆ. ಬೆಳಗಾವಿಯ ಏರ್‌ಮನ್ ಒಬ್ಬ ಬಾಗಿಲು ತೆಗೆದು 'ಬಂದ್ರೇನ್ರೀ ಸಾಹೇಬ್ರ' ಅಂದ. ಕಾರವಾರದವನ ಕಾಲು ನೆಲ ಮುಟ್ಟಿದ ಮೇಲೆಯೇ ನಾನು ಬೆಲ್ಟ್ ಬಿಚ್ಚಿದೆ.